ಸೈಕಲ್ಲಿಗೊಂದು ಎಣ್ಣೆಸ್ನಾನ

"ಈ ಶನಿವಾರ ಬೆಳಿಗ್ಗೆ ನಾನು ಮತ್ತೆ ಸೈಕಲ್ ಹತ್ತುತ್ತೀನಿ. ಒಮ್ಮೆ ಹತ್ತಿದೆ ಅಂದ್ರೆ ಇಳಿಯೋ ಮಾತೇ ಇಲ್ಲ!" ಎಂದು ನಾನು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ. ಆ ಮಾತು ಅಕ್ಷರಶಃ ನಿಜವಾಗಿಬಿಡುತ್ತದೆ ಎಂದು ಆಗ ನನಗೆ ತಿಳಿದಿರಲಿಲ್ಲ.

ಸಾರು ಬಡಿಸುತ್ತಿದ್ದ ನನ್ನ ಹೆಂಡತಿ ಪ್ರಭಾ ತಲೆ ಎತ್ತಲಿಲ್ಲ. "ನೀವು ಇಳಿಯೋದು ಆಮೇಲಾಯ್ತು ರೀ. ಮೊದ್ಲು ಅದನ್ನ ಗೋಡೆಯಿಂದ ಇಳಿಸಿ" ಎಂದಳು.

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ಸೈಕಲ್ಲು ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದಲ್ಲಿರುವ ನಮ್ಮ ಗ್ಯಾರೇಜಿನ ಗೋಡೆಯಲ್ಲಿ, ಕೊಕ್ಕೆಯೊಂದಕ್ಕೆ ಮುಂದಿನ ಗಾಲಿ ಸಿಕ್ಕಿಸಿಕೊಂಡು ನೇತಾಡುತ್ತಿತ್ತು. ಒಂದು ಕಾಲದಲ್ಲಿ ಅದಕ್ಕಿದ್ದ ಮರ್ಯಾದೆಯೇ ಬೇರೆ. ಬ್ರಹ್ಮಚಾರಿಯಾಗಿ ಹೇವರ್ಡಿನಲ್ಲಿದ್ದಾಗ ನನ್ನದು ಒಂದೇ ರೂಮಿನ ಬಾಡಿಗೆ ಮನೆ. ಅದರಲ್ಲಿ ಕಿಟಕಿಯ ಪಕ್ಕದ ಜಾಗ ಸೈಕಲ್ಲಿಗೆ, ಬಾಗಿಲ ಸಂದಿಯ ಜಾಗ ನನಗೆ. ಆಗ ಆಫೀಸು ಇದ್ದದ್ದು ಕೊಲ್ಲಿಯ ಆಚೆ ದಡದಲ್ಲಿ. ಬೆಳಿಗ್ಗೆ ಎದ್ದು ಡಂಬಾರ್ಟನ್ ಸೇತುವೆಯ ಮೇಲೆ ಎದುರುಗಾಳಿಗೆ ತಲೆ ತಗ್ಗಿಸಿ ಹೊರಟರೆ, ಪಕ್ಕದಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ನಿಂತ ಕಾರುಗಳನ್ನು ನೋಡಿ ಅಯ್ಯೋ ಪಾಪ ಎನ್ನಿಸುತ್ತಿತ್ತು. ಅವುಗಳೊಳಗೆ ಕೂತವರೆಲ್ಲ ಹೆಂಡತಿ ಮಕ್ಕಳಿದ್ದವರು ಎಂಬುದು ನನಗೆ ಹೊಳೆದಿರಲಿಲ್ಲ.

ಮದುವೆಯಾಯಿತು. ಪ್ರಭಾ ಮೈಸೂರಿನಿಂದ ಬಂದಳು, ಸೈಕಲ್ಲು ಕಿಟಕಿಯ ಪಕ್ಕದಿಂದ ಬಾಲ್ಕನಿಗೆ ಹೋಯಿತು. ಮಗಳು ಇಂಚರಾ ಹುಟ್ಟಿದಳು, ಬಾಲ್ಕನಿಯಿಂದ ಸ್ಟೋರ್ ರೂಮಿಗೆ ಹೋಯಿತು. ಸಂಜೆ ಡೇಕೇರ್ ಬಾಗಿಲು ಹಾಕುವುದರೊಳಗೆ ಓಡಬೇಕು, ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿ ಬೇಕು, ಬರುವಾಗ ಗ್ರೋಸರಿ ತರಬೇಕು. ಇವಿಷ್ಟೂ ಎರಡು ಗಾಲಿಯ ಮೇಲೆ ನಡೆಯುವ ಸಂಸಾರವಲ್ಲ. ಮಗಳ ಸ್ಕೂಲಿಗೆಂದು ಕ್ಯುಪರ್ಟಿನೋಕ್ಕೆ ಬಂದಾಗ ಅದು ಗ್ಯಾರೇಜಿನ ಗೋಡೆ ಸೇರಿತು. ಅದರ ಹ್ಯಾಂಡಲ್ಲಿಗೆ ಮೊದಲು ಮಗುವಿನ ಬ್ಯಾಗು, ಆಮೇಲೆ ಛತ್ರಿ, ಈಗ ಗದಗಿನಿಂದ ಆರು ತಿಂಗಳಿಗೆಂದು ಬಂದಿರುವ ನಮ್ಮ ಅವ್ವ ಬಂಗಾರೆವ್ವನ ಒದ್ದೆ ಟವೆಲ್ಲು.

ಇದರಲ್ಲಿ ನಾಚಿಕೆಗೇಡಿನ ಸಂಗತಿ ಇನ್ನೊಂದಿದೆ. ಆಫೀಸು ಕೊಲ್ಲಿಯಾಚೆ ಇದ್ದಾಗ ಸೈಕಲ್ಲಿನಲ್ಲಿ ಹೋಗುತ್ತಿದ್ದವನು ನಾನು. ಈಗ ಹೊಸ ಕೆಲಸ ಸಿಕ್ಕಿದೆ, ಆಫೀಸು ಇಲ್ಲೇ ಪಕ್ಕದ ಲಾಸ್ ಆಲ್ಟೋಸಿನಲ್ಲಿ, ಮನೆಯಲ್ಲಿ ಒಗ್ಗರಣೆ ಹಾಕಿದರೆ ಅಲ್ಲಿ ಸೀನಬಹುದು ಎನ್ನುವಷ್ಟು ಹತ್ತಿರ. ಹೋಗುವುದು ಕಾರಿನಲ್ಲಿ! ಬೆಳಿಗ್ಗೆ ಕಾರು ತೆಗೆಯುವಾಗ ಹೆಡ್‌ಲೈಟಿನ ಬೆಳಕು ಆ ಸೈಕಲ್ಲಿನ ಮೇಲೆ ಬೀಳುತ್ತಿತ್ತು. ಹಳೆಯ ಗೆಳೆಯನನ್ನು ಕಂಡೂ ಕಾಣದಂತೆ ಹೋದ ಹಾಗಾಗುತ್ತಿತ್ತು.

ಆ ಗ್ಯಾರೇಜಿನಲ್ಲಿ ಇನ್ನೊಂದು ಸೈಕಲ್ಲೂ ಇತ್ತು. ಇಂಚರಾಳ ಪುಟ್ಟ ನೇರಳೆ ಸೈಕಲ್ಲು. ಹಿಂದಿನ ಗಾಲಿಯ ಎರಡೂ ಕಡೆ ಬೀಳದಂತೆ ಕಾಯುವ ಮರಿಗಾಲಿಗಳು. ಆ ಮರಿಗಾಲಿ ಬಿಚ್ಚಿ, ಸೀಟು ಹಿಡಿದು ಓಡಿ, ನಿಜವಾದ ಸೈಕಲ್ಲು ಕಲಿಸಿಕೊಡಬೇಕೆಂದು ಏಳು ವರ್ಷದ ಮಗಳು ಕೇಳುತ್ತಲೇ ಇದ್ದಳು. ನಾನು "ಮುಂದಿನ ಶನಿವಾರ" ಎನ್ನುತ್ತಲೇ ಇದ್ದೆ. ಒಂದು ಶನಿವಾರ ಆಫೀಸಿನ ತುರ್ತು, ಒಂದು ಶನಿವಾರ ಕನ್ನಡ ಕೂಟದ ಮೀಟಿಂಗು, ಒಂದು ಶನಿವಾರ ನೆಗಡಿ, ಇನ್ನೊಂದು ಶನಿವಾರ ಏನೂ ಇಲ್ಲದ್ದಕ್ಕೆ ನಿದ್ದೆ. ಕೊನೆಕೊನೆಗೆ ಅವಳು ಕೇಳುವುದನ್ನೂ ಬಿಟ್ಟಳು. ಶನಿವಾರ ಬೆಳಿಗ್ಗೆ ಗ್ಯಾರೇಜಿನ ಬಾಗಿಲಲ್ಲಿ ಸುಮ್ಮನೆ ನಿಂತು ನೋಡಿ ಒಳಗೆ ಹೋಗುತ್ತಿದ್ದಳು.

ಇಷ್ಟರ ನಡುವೆ ನನಗೆ ಈ ಆವೇಶ ಎಲ್ಲಿಂದ ಬಂತು ಎಂದರೆ, ಬಾಯಿ ಚಪಲದಿಂದ. ಹೊಸ ಆಫೀಸಿನಲ್ಲಿ ಒಂದು ಪದ್ಧತಿ. ಸೇರಿದ ದಿನ ಎಲ್ಲರ ಮುಂದೆ ನಿಂತು ಹೆಸರು ಹೇಳಬೇಕು, ಜೊತೆಗೆ ನಮ್ಮ ಬಗ್ಗೆ ಒಂದು 'ಸ್ವಾರಸ್ಯದ ಸಂಗತಿ' ಹೇಳಬೇಕು. ಒಬ್ಬ ಜೇನು ಸಾಕುತ್ತಾನಂತೆ, ಒಬ್ಬಳು ಜ್ವಾಲಾಮುಖಿ ಹತ್ತಿ ಇಳಿದಿದ್ದಾಳಂತೆ. ನನ್ನ ಸರದಿ ಬಂದಾಗ, ಭಾನುವಾರ ಮೊಸರಿನ ದೊಡ್ಡ ಡಬ್ಬಿ ತರುತ್ತೇನೆ ಎನ್ನಲು ಮನಸ್ಸಾಗಲಿಲ್ಲ. "ನಾನು ಸೈಕಲ್ ಸವಾರ. ಸೈಕಲ್ಲಿನಲ್ಲೇ ಕೊಲ್ಲಿ ದಾಟಿ ಆಫೀಸಿಗೆ ಹೋದವನು" ಎಂದುಬಿಟ್ಟೆ. ಅದೆಷ್ಟು ಹಿಂದಿನ ಮಾತು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆದರೆ ನಮ್ಮ ಮ್ಯಾನೇಜರ್ ಗ್ರೇಸಳ ಕಣ್ಣು ಅರಳಿತು. ಅರವತ್ತು ದಾಟಿದ ಹೆಂಗಸು, ಬೆಳ್ಳಿಕೂದಲು, ನುಗ್ಗೇಕಾಯಿಯಂಥ ಮೈಕಟ್ಟು. ಶನಿವಾರ ಬೆಳಿಗ್ಗೆ ನಮ್ಮ ಟೀಮಿನ ನಾಲ್ಕಾರು ಜನ ಲಾಸ್ ಆಲ್ಟೋಸಿನ ಗುಡ್ಡ ಹತ್ತಿ ಇಳಿಯುತ್ತೇವೆ, ನಿನ್ನಂಥವನು ಬಂದರೆ ಚೆನ್ನ ಎಂದಳು. ಹೊಸ ಕೆಲಸ, ಹೊಸ ಮ್ಯಾನೇಜರು. ಬರುತ್ತೇನೆ ಎಂದೆ.

ಹಾಗೆಂದು ಬಂದು ಮನೆಯಲ್ಲಿ ಘೋಷಣೆ ಮಾಡಿದ್ದು. ಪ್ರಭಾ ಸಾರಿನ ಪಾತ್ರೆ ಕೆಳಗಿಟ್ಟು, ಅದೇ ಶನಿವಾರ ಹತ್ತು ಗಂಟೆಗೆ ಸೈಕಲ್ಲು ಕಲಿಸುತ್ತೇನೆಂದು ನಾನು ಮಗಳಿಗೆ ಮಾತು ಕೊಟ್ಟದ್ದನ್ನು ನೆನಪಿಸಿದಳು. ಮರೆತಿರಲಿಲ್ಲ ನಾನು. ಏಳಕ್ಕೆ ಹೊರಟರೆ ಒಂಬತ್ತೂವರೆಗೆ ವಾಪಸ್ಸು, ಹತ್ತಕ್ಕೆ ಸರಿಯಾಗಿ ಪಾರ್ಕಿನಲ್ಲಿ ಹಾಜರ್ ಎಂದು ಲೆಕ್ಕ ಒಪ್ಪಿಸಿದೆ. ಪಕ್ಕದಲ್ಲಿ ಕೂತ ಇಂಚರಾ ನನ್ನ ಮುಖ ನೋಡಿ, "ಪ್ರಾಮಿಸ್?" ಎಂದಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮಗಳ ಬಾಯಲ್ಲಿ ಒಂದು ಪೂರ್ತಿ ಕನ್ನಡದ ಉತ್ತರ ಕೇಳಬೇಕೆಂದು ನಾನು ದೇವರಿಗೆ ಹರಕೆ ಹೊತ್ತದ್ದೂ ಉಂಟು. ಅದು ಬೇರೆ ಕಥೆ. ನಾನು ಅವಳ ತಲೆ ಮುಟ್ಟಿ ಪ್ರಾಮಿಸ್ ಮಾಡಿದೆ.

"ನೋಡಿ, ಪ್ರತಿಸಲ ಸಮಾಧಾನ ಮಾಡೋಳು ನಾನು. ಈ ಸಲ ತಪ್ಪಿಸಿದ್ರೆ ನೀವೇ ಮಾಡ್ಕೋಬೇಕು" ಎಂದಳು ಪ್ರಭಾ.

ಶುಕ್ರವಾರ ಆಯುಧಪೂಜೆ. ನಮ್ಮ ಕಡೆ ಖಂಡೆಪೂಜೆ ಎನ್ನುತ್ತೇವೆ. ಅವ್ವ ಇದ್ದದ್ದರಿಂದ ಈ ವರ್ಷ ಜೋರು. ಕಾರು, ಕುಕ್ಕರು, ಮಿಕ್ಸರು, ಎರಡು ಲ್ಯಾಪ್‌ಟಾಪು, ಎಲ್ಲರ ಫೋನು, ಸ್ಪ್ಯಾನರು, ಸ್ಕ್ರೂಡ್ರೈವರು, ಎಲ್ಲವೂ ವಿಭೂತಿ ಕುಂಕುಮಕ್ಕೆ ಸಾಲಾಗಿ ಕಾದವು. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನ ಬನ್ನಿಹಬ್ಬದ ಬೆಳಿಗ್ಗೆ ಅವ್ವ ಆರತಿ ಮಾಡಿ ಎತ್ತಿಕೊಡುವವರೆಗೆ ಯಾರೂ ಮುಟ್ಟುವಂತಿಲ್ಲ. ಇದು ಗದಗಿನ ಕಾನೂನು, ಕ್ಯಾಲಿಫೋರ್ನಿಯಾಕ್ಕೂ ಲಾಗೂ.

ನಾನು ಕೊಕ್ಕೆಯಿಂದ ಸೈಕಲ್ಲು ಇಳಿಸಿದೆ. ಧೂಳು, ಜೇಡರ ಬಲೆ, ಅಲ್ಲಲ್ಲಿ ತುಕ್ಕು. ನಮ್ಮ ಅಪ್ಪ ಗುರುಶಾಂತಪ್ಪ ಖಂಡೆಪೂಜೆಯ ದಿನ ತನ್ನ ಸೈಕಲ್ಲನ್ನು ಕೊಬ್ಬರಿ ಎಣ್ಣೆಯ ಬಟ್ಟೆಯಿಂದ ಒರೆಸಿ, ಅದರಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳುತ್ತಿದ್ದ. ಆ ನೆನಪು ಬಂದು ನನಗೂ ಭಕ್ತಿ ಉಕ್ಕಿತು. ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು ಸೈಕಲ್ಲಿಗೆ ಅಭ್ಯಂಜನವನ್ನೇ ಮಾಡಿಸಿದೆ. ಹ್ಯಾಂಡಲ್ಲು ಮಿಂಚಿತು, ಕಡ್ಡಿಗಳು ಮಿಂಚಿದವು. ಗಾಲಿಯ ನಡುವೆ ಬಟ್ಟಲಗಲದ ಎರಡು ಉಕ್ಕಿನ ತಟ್ಟೆಗಳಿದ್ದವು. ಅವಕ್ಕೆ ತುಕ್ಕು ಹೆಚ್ಚು ಹಿಡಿದಿದ್ದರಿಂದ ಎರಡು ಸಲ ಎಣ್ಣೆ ಹಚ್ಚಿ ಗಸಗಸ ತಿಕ್ಕಿದೆ. ಬ್ರೇಕು ಒತ್ತಿದಾಗ ಗಾಲಿಯನ್ನು ಹಿಡಿದು ನಿಲ್ಲಿಸುವುದು ಆ ತಟ್ಟೆಗಳೇ ಎಂಬುದು, ಎಂಜಿನಿಯರಿಂಗ್ ಓದಿ ಚಿನ್ನದ ಪದಕ ತಗೊಂಡ ಈ ಮಹಾಶಯನಿಗೆ ಭಕ್ತಿಯ ಭರದಲ್ಲಿ ಮರೆತಿತ್ತು! ಇಂಚರಾ ತನ್ನ ನೇರಳೆ ಸೈಕಲ್ಲನ್ನೂ ತಂದು ಪಕ್ಕಕ್ಕೆ ನಿಲ್ಲಿಸಿದಳು. ಅದಕ್ಕೆ ಒಂದು ಕುಂಕುಮದ ಬೊಟ್ಟು ಇಟ್ಟೆ ಅಷ್ಟೆ. ಎಣ್ಣೆ ಮುಗಿದಿತ್ತು.

ಒಂದು ಸುತ್ತು ಓಡಿಸಿ ನೋಡೋಣ ಎಂದು ಕಾಲೆತ್ತಿದೆ. "ಪೂಜಿ ಆದ ಮ್ಯಾಲೆ ಮುಟ್ಟಬ್ಯಾಡಪಾ" ಎಂದು ಅವ್ವ ತಡೆದಳು. ಹಾಗಾಗಿ ಬ್ರೇಕಿನ ಪರೀಕ್ಷೆ ಆಗಲಿಲ್ಲ.

ಶನಿವಾರ ಬೆಳಿಗ್ಗೆ ಹೇವರ್ಡಿನ ಕಾಲದ ಸೈಕಲ್ ಚಡ್ಡಿಯೊಳಗೆ ನನ್ನನ್ನು ನಾನು ತುಂಬಿಕೊಂಡೆ. ಮೂರು ಸೇರಿನ ಚೀಲಕ್ಕೆ ಐದು ಸೇರು ಜೋಳ ತುರುಕಿದಂತಾಯಿತು. ಸ್ನಾನ ಮುಗಿಸಿ ಬಂದ ಅವ್ವ ನನ್ನನ್ನು ನೋಡಿ ಮುಖ ಆಚೆ ತಿರುಗಿಸಿಕೊಂಡಳು.

"ಶಶಿ, ಪ್ಯಾಂಟ್ ಹಾಕ್ಕೊಳ್ಳೂದು ಮರತಿ ಏನಪಾ?"

"ಇದ ಪ್ಯಾಂಟ್ ಬೇ ಅವ್ವಾ."

ಅವಳು ಸೈಕಲ್ಲಿಗೆ ಒಂದು ಆರತಿ ಎತ್ತಿ, ನನ್ನ ಹಣೆಗೆ ಹೆಬ್ಬೆಟ್ಟಿನಗಲ ಕುಂಕುಮ ಒತ್ತಿ ಕಳಿಸಿದಳು. ಫೋನು ಇನ್ನೂ ದೇವರ ಮುಂದೆಯೇ ಇತ್ತು. ಉಳಿದ ಆಯುಧಗಳ ಆರತಿಗೆ ಇನ್ನೂ ಹೊತ್ತಿತ್ತು. ಹೋಗಲಿ ಬಿಡು, ಸೇತುವೆ ದಾಟಿದ ಗಂಡಿಗೆ ಫೋನೇಕೆ ಎಂದು ಹೊರಟುಬಿಟ್ಟೆ.

ಬೆಳಗಿನ ತಂಗಾಳಿ, ಖಾಲಿ ರಸ್ತೆ. ನಿಜ ಹೇಳುತ್ತೇನೆ, ಮೊದಲ ಹತ್ತು ನಿಮಿಷ ಕಣ್ಣು ಒದ್ದೆಯಾಯಿತು. ಇಷ್ಟು ವರ್ಷ ಇದನ್ನು ಬಿಟ್ಟು ಹೇಗಿದ್ದೆ ಎನ್ನಿಸಿತು. ಒಂದು ಸಿಗ್ನಲ್ಲಿನಲ್ಲಿ ಬ್ರೇಕು ಒತ್ತಿದಾಗ ಕೀಂಯ್ ಎಂದು ಕಿರುಚಿ, ನಿಲ್ಲಬೇಕಾದಲ್ಲಿಗಿಂತ ಮುಂದೆ ಹೋಗಿ ನಿಂತಿತು. ಬಹಳ ದಿನದ ಮೇಲೆ ಹೊರಬಂದಿದೆ, ಉತ್ಸಾಹ ಇರಬೇಕು ಎಂದುಕೊಂಡೆ.

ಗುಡ್ಡ ಹತ್ತುವಾಗ ಗ್ರೇಸ್ ಎಲ್ಲರಿಗಿಂತ ಮುಂದೆ, ನಾನು ಎಲ್ಲರಿಗಿಂತ ಹಿಂದೆ. ನನ್ನ ಉಸಿರಿನ ಸದ್ದಿಗೆ ಒಂದು ಜಿಂಕೆ ಬೆದರಿ ಓಡಿತು. ಹೇಗೋ ತುದಿ ಮುಟ್ಟಿದೆ. ಇನ್ನು ಇಳಿಜಾರು.

ಇಳಿಜಾರಿನಲ್ಲಿ ನನ್ನ ಭಾಗ್ಯದ ಬಾಗಿಲು ತೆರೆಯಿತು. ಮೊದಲ ತಿರುವಿನಲ್ಲಿ ಬ್ರೇಕು ಒತ್ತಿದೆ, ಸದ್ದು ಬಂತು, ವೇಗ ಇಳಿಯಲಿಲ್ಲ. ಎರಡನೆಯ ತಿರುವಿನಲ್ಲಿ ಸದ್ದೂ ಬರಲಿಲ್ಲ. ಘಮ್ಮೆಂದು ಕೊಬ್ಬರಿ ಎಣ್ಣೆಯ ವಾಸನೆ ಮಾತ್ರ ಬಂತು. ಒಬ್ಬನನ್ನು ದಾಟಿದೆ. ಇಬ್ಬರನ್ನು ದಾಟಿದೆ. ಕೊನೆಗೆ ಗ್ರೇಸಳನ್ನೂ ದಾಟಿದೆ. ಅವಳು ಹಿಂದಿನಿಂದ, ಭಲೇ ಧೈರ್ಯ, ಇದಲ್ಲವೇ ಇಳಿಯುವ ಕಲೆ ಎಂಬರ್ಥದಲ್ಲಿ ಏನೋ ಕೂಗಿ ಹುರಿದುಂಬಿಸಿದಳು. ನಾನು ಮನೆದೇವರು ವೀರಭದ್ರನನ್ನು ಕೂಗುತ್ತಿದ್ದೆ. ಹತ್ತಿದರೆ ಇಳಿಯುವ ಮಾತೇ ಇಲ್ಲ ಎಂದಿದ್ದೆನಲ್ಲ, ಇಳಿಯಲು ಈಗ ಸೈಕಲ್ಲೇ ಒಪ್ಪುತ್ತಿಲ್ಲ!

ಗುಡ್ಡದ ಬುಡದಲ್ಲಿ ರಸ್ತೆ ಎಡಕ್ಕೆ ಹೊರಳಿತು, ನಾನು ಹೊರಳಲಿಲ್ಲ. ಎದುರಿಗೆ ಒಂದು ದೊಡ್ಡ ಮನೆಯ ಹುಲ್ಲುಹಾಸು. ಅಕ್ಟೋಬರ್ ತಿಂಗಳಲ್ಲವೇ, ಹ್ಯಾಲೋವೀನ್ ಹಬ್ಬದ ಅಲಂಕಾರಕ್ಕೆ ಒಣಹುಲ್ಲಿನ ಪೆಂಡಿಗಳನ್ನು ಜೋಡಿಸಿ, ಅದರ ಮೇಲೆ ಕಿತ್ತಳೆ ಬಣ್ಣದ ಕುಂಬಳಕಾಯಿ ಪೇರಿಸಿದ್ದರು. ಸೈಕಲ್ಲು ಪೆಂಡಿಗೆ ಗುದ್ದಿತು, ನಾನು ಕುಂಬಳಕಾಯಿಗಳ ಮೇಲೆ ಬಿದ್ದೆ. ಹಿಂದಿನ ದಿನದ ಪೂಜೆಯಲ್ಲಿ ದೃಷ್ಟಿ ತೆಗೆದು ಒಡೆಯಲು ಬೂದುಗುಂಬಳ ಸಿಗಲಿಲ್ಲವೆಂದು ಅವ್ವ ಪೇಚಾಡಿದ್ದಳು. ಆ ಕೊರತೆ ನೀಗಿತು. ಮೂರು ಒಡೆದವು.

ಹುಲ್ಲಿನ ದಯೆಯಿಂದ ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಇಲ್ಲಿಗೆ ಮುಗಿದಿದ್ದರೆ ನಾನು ಹತ್ತಕ್ಕೆ ಮನೆ ಸೇರುತ್ತಿದ್ದೆ. ಓಡಿ ಬಂದ ಗ್ರೇಸ್ ನನ್ನ ಮುಖ ನೋಡಿ ಬಿಳಿಚಿಕೊಂಡಳು. ಅವ್ವನ ಕುಂಕುಮ ಬೆವರಿಗೆ ಕರಗಿ ಹಣೆಯಿಂದ ಮೂಗಿನ ಮೇಲೆ ಕೆಂಪಗೆ ಇಳಿಯುತ್ತಿತ್ತು. ತಲೆ ಒಡೆದಿದೆ, ಅಲ್ಲಾಡಬೇಡ ಎಂದಳು. ಇದು ರಕ್ತವಲ್ಲ, ನಮ್ಮ ತಾಯಿ ಹಚ್ಚಿದ್ದು ಎಂದೆ. ಹಿಂದೆಯೇ ಬಂದ ಟೀಮಿನವರೂ ಅವಳೂ ಮುಖ ಮುಖ ನೋಡಿಕೊಂಡರು. ಯಾಕೆ ಬ್ರೇಕು ಹಾಕಲಿಲ್ಲ ಎಂದಳು ಗ್ರೇಸ್. ನಿನ್ನೆ ಸೈಕಲ್ಲಿಗೆ ಪೂಜೆ ಮಾಡಿದೆ, ಎಣ್ಣೆ ಹಚ್ಚಿ ಸ್ನಾನ ಮಾಡಿಸಿದೆ, ಕುಕ್ಕರಿಗೂ ಪೂಜೆ ಮಾಡಿದೆ ಎಂದೆ. ನಾನು ವಿವರಿಸಿದಷ್ಟೂ ಅವರ ಮುಖ ಗಂಭೀರವಾಯಿತು. ತಲೆಗೆ ಬಲವಾದ ಪೆಟ್ಟಾಗಿದೆ, ಬಡಬಡಿಸುತ್ತಿದ್ದಾನೆ ಎಂದು ತೀರ್ಮಾನವಾಯಿತು.

ಹತ್ತಿರದಲ್ಲೇ ಮನೆಯಿದ್ದ ಗ್ರೇಸ್ ಹೋಗಿ ವ್ಯಾನ್ ತಂದು, ನನ್ನನ್ನೂ ಸೈಕಲ್ಲನ್ನೂ ಹತ್ತಿಸಿಕೊಂಡು ಕ್ಲಿನಿಕ್ಕಿಗೆ ಹೊರಟಳು. ನನಗೆ ಹತ್ತು ಗಂಟೆಗೆ ಮಗಳಿದ್ದಾಳೆ ಎಂದು ಬೇಡಿಕೊಂಡೆ. ಮನೆಗೆ ಫೋನ್ ಮಾಡು ಎಂದು ತನ್ನ ಫೋನು ಕೊಟ್ಟಳು. ಆಗ ಗೊತ್ತಾಯಿತು, ನನಗೆ ಪ್ರಭಾಳ ನಂಬರು ಬಾಯಿಪಾಠವಿಲ್ಲ. ಈ ಜಗತ್ತಿನಲ್ಲಿ ನನಗೆ ಬಾಯಿಗೆ ಬರುವ ನಂಬರು ಒಂದೇ, ಗದಗಿನ ನಮ್ಮ ಮನೆಯ ಹಳೆಯ ಲ್ಯಾಂಡ್‌ಲೈನು. ಅದರ ಸಂಪರ್ಕ ತೆಗೆಸಿ ಯಾವ ಕಾಲವಾಯಿತೋ. ಹೆಂಡತಿಯ ನಂಬರು ಗೊತ್ತಿಲ್ಲ ಎಂದಾಗ ಗ್ರೇಸ್ ವ್ಯಾನನ್ನು ಇನ್ನೂ ಜೋರಾಗಿ ಓಡಿಸಿದಳು.

ಕ್ಲಿನಿಕ್ಕಿನಲ್ಲಿ ಸರದಿ ದೊಡ್ಡದಿತ್ತು. ಗೋಡೆಯ ಗಡಿಯಾರ ಹತ್ತು ತೋರಿಸಿದಾಗ ನಾನು ಎದ್ದು ನಿಂತೆ. ಗ್ರೇಸ್ ಭುಜ ಹಿಡಿದು ಕೂರಿಸಿದಳು. ಪಾರ್ಕಿನ ಬೆಂಚಿನ ಮೇಲೆ ಹೆಲ್ಮೆಟ್ ಹಾಕಿಕೊಂಡು ಕೂತು ರಸ್ತೆ ನೋಡುತ್ತಿರುವ ಮಗಳು ಕಣ್ಣಿಗೆ ಕಟ್ಟಿದಳು. ಅದರ ಮುಂದೆ ಮೊಣಕೈಯ ಉರಿ ಏನೂ ಅಲ್ಲ. ಹನ್ನೊಂದರ ಸುಮಾರಿಗೆ ಡಾಕ್ಟರು ಕರೆದು, ಹತ್ತಿಯಲ್ಲಿ ಹಣೆ ಒರೆಸಿದರು. ಗಾಯ ಪೂರ್ತಿ ಹತ್ತಿಗೆ ಬಂತು. ಅವರು ಹತ್ತಿ ನೋಡಿದರು, ನನ್ನನ್ನು ನೋಡಿದರು, ಮನೆಗೆ ಹೋಗಿ ಎಂದರು.

ದಾರಿಯಲ್ಲಿ ಗ್ರೇಸ್ ಕ್ಷಮೆ ಕೇಳಿದಳು. ತಪ್ಪು ಅವಳದ್ದಲ್ಲ, ಸ್ವಾರಸ್ಯದ ಸಂಗತಿ ಹುಡುಕಲು ಹೋದ ನನ್ನದು ಎಂದು ಕಡೆಗೂ ಒಪ್ಪಿಕೊಂಡೆ. ಆ ಸೇತುವೆಯ ಕಥೆ ಯಾವ ಕಾಲದ್ದು ಎಂಬುದನ್ನೂ ಹೇಳಿದೆ. ಅವಳು, ತನ್ನ ಮಕ್ಕಳು ಚಿಕ್ಕವರಿದ್ದಾಗ ತಾನೂ ಹನ್ನೆರಡು ವರ್ಷ ಸೈಕಲ್ಲು ಮುಟ್ಟಿರಲಿಲ್ಲ, ಅದು ಎಲ್ಲಿಗೂ ಓಡಿಹೋಗುವುದಿಲ್ಲ, ಮಕ್ಕಳು ಓಡಿಹೋಗುತ್ತಾರೆ ಎಂದಳು.

ನಮ್ಮ ರಸ್ತೆಯ ತಿರುವಿನಲ್ಲಿ ಪಾರ್ಕು. ವ್ಯಾನು ನಿಲ್ಲುವ ಮುಂಚೆಯೇ ಕಂಡಿತು. ನೇರಳೆ ಸೈಕಲ್ಲು ಹಾದಿಯ ಮೇಲೆ ಒಂದಿಷ್ಟು ಓಲಾಡುತ್ತಾ, ಆಮೇಲೆ ನೆಟ್ಟಗಾಗಿ ಬರುತ್ತಿತ್ತು. ಮರಿಗಾಲಿಗಳು ಇರಲಿಲ್ಲ. ಹಿಂದೆ ಸೀಟು ಹಿಡಿದವರೂ ಇರಲಿಲ್ಲ. ಪ್ರಭಾ ಕೂದಲು ಕೆದರಿಕೊಂಡು, ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಾ ದೂರದಲ್ಲಿ ನಿಂತಿದ್ದಳು. ಬೆಂಚಿನ ಮೇಲೆ ಅವ್ವ, ಅವಳ ಮಡಿಲಲ್ಲಿ ನಾನೇ ಪೂಜೆಗಿಟ್ಟಿದ್ದ ಸ್ಪ್ಯಾನರು ಮತ್ತು ಬಿಚ್ಚಿದ ಎರಡು ಮರಿಗಾಲಿಗಳು. ಒಂದು ತಾಸು ದಾರಿ ಕಾದು, ಇಂಚರಾ ಅಳು ಶುರುಮಾಡಿದ ಮೇಲೆ, ಪೂಜಿ ಮುಗಿದೈತಿ, ಇನ್ನ ಆಯುಧ ಹಿಡೀಬಹುದು ಎಂದು ಅವ್ವನೇ ಸ್ಪ್ಯಾನರು ತಂದು ಸೊಸೆಯ ಕೈಗೆ ಕೊಟ್ಟಿದ್ದಳಂತೆ.

ನನ್ನ ಹರಿದ ಚಡ್ಡಿ, ಮೈಮೇಲಿನ ಕುಂಬಳದ ತಿರುಳು ನೋಡಿ ಪ್ರಭಾಳಿಗೆ ಗಾಬರಿಯಾಯಿತು. ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಸಿಟ್ಟು ಬಂತು. ನಡೆದದ್ದನ್ನೆಲ್ಲ ಕೇಳಿದ ಮೇಲೆ ನಗು ಬಂತು. ಆದರೆ ಆ ನಗು ಬೇಗ ನಿಂತಿತು. "ಮೊದಲನೇ ಸಲ ಬಿಟ್ಟಾಗ ಅವ್ಳು ಹಿಂದೆ ತಿರುಗಿ ನಿಮ್ಮನ್ನೇ ಹುಡುಕಿದ್ಲು ಶಶಿ" ಎಂದಳು. ಅವಳು ನನ್ನನ್ನು ಹೆಸರು ಹಿಡಿದು ಕರೆಯುವುದು ತೀರ ಅಪರೂಪ. ಮಗಳು ಮೊದಲ ಸಲ ಸೈಕಲ್ಲು ಬಿಟ್ಟದ್ದನ್ನು ನೋಡುವ ಅವಕಾಶ ಜನ್ಮಕ್ಕೆ ಒಂದೇ ಸಲ ಬರುವಂಥದ್ದು. ಅದನ್ನು ಕ್ಲಿನಿಕ್ಕಿನ ಕುರ್ಚಿಯ ಮೇಲೆ ಕೂತು ಕಳೆದುಕೊಂಡೆ.

ಇಂಚರಾ ಸೈಕಲ್ಲು ತಂದು ನನ್ನ ಮುಂದೆ ನಿಲ್ಲಿಸಿದಳು. ಎಷ್ಟು ಚೆನ್ನಾಗಿ ನಿಲ್ಲಿಸಿದಳು! ಅದರ ಬ್ರೇಕು ಪೆಡಲಿನಲ್ಲೇ, ಹಿಂದಕ್ಕೆ ಒತ್ತಿದ್ದೇ ತಡ, ಗೆರೆ ಎಳೆದಂತೆ ನಿಂತಿತು. ನಾನು ಹುಲ್ಲಿನ ಮೇಲೆ ಮಂಡಿಯೂರಿ, ಅಲ್ಲೇ ಗಿಡದಿಂದ ಒಂದು ಎಲೆ ಕಿತ್ತು ಅವಳ ಕೈಗಿಟ್ಟೆ. ಬನ್ನಿ ಎಲೆ ಈ ಊರಲ್ಲಿ ಎಲ್ಲಿ ಬರಬೇಕು, ಅದು ಯಾವುದೋ ಬೇಲಿಯ ಎಲೆ. "ಬನ್ನಿ ತಗೊಂಡು ನಾವು ನೀವು ಬಂಗಾರದಾಂಗ ಇರೋಣ" ಎಂದೆ. ಬನ್ನಿ ಕೊಟ್ಟ ಮೇಲೆ ಹಳೆಯದನ್ನೆಲ್ಲ ಮರೆಯಬೇಕು, ಅದು ಪದ್ಧತಿ. ಅವಳು ಎಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡಳು.

"ಇನ್ನೊಂದು ಸಲ ಹೋಗೋಣ ಬಾ ಪುಟ್ಟಿ. ಅಪ್ಪ ಸೀಟು ಹಿಡ್ಕೋತೀನಿ" ಎಂದೆ.

"ಯು ಡೋಂಟ್ ಹ್ಯಾವ್ ಟು ಹೋಲ್ಡ್, ಅಪ್ಪಾ" ಎಂದಳು. ಹಿಡಿಯುವುದೇ ಬೇಡವಂತೆ. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದಳು.

ಹಿಡಿಯುವುದು ಬೇಡವಾದರೆ ಜೊತೆಗಾದರೂ ಬರುತ್ತೇನೆ ಎಂದೆ. ನನ್ನ ಸೈಕಲ್ಲಿನ ಎಣ್ಣೆ ಒರೆಸಿಕೊಂಡು ಈಗಲೇ ಬರುತ್ತೇನೆ, ಇಬ್ಬರೂ ಸೇರಿ ಪಾರ್ಕಿಗೆ ಒಂದು ಸುತ್ತು ಹಾಕೋಣ, ಒಂದೇ ಒಂದು ಸುತ್ತು ಎಂದು ಅಂಗಲಾಚಿದೆ. ಅವಳು ಒಂದು ಕಾಲು ಪೆಡಲಿನ ಮೇಲಿಟ್ಟುಕೊಂಡು ಯೋಚಿಸಿದಳು. ಆಮೇಲೆ, ನಾನು ಏಳು ವರ್ಷದಿಂದ ಕಾದ, ಹರಕೆ ಹೊತ್ತ ಆ ಅಚ್ಚಗನ್ನಡ ಅವಳ ಬಾಯಿಂದ ಬಂತು. ಒಂದೂ ಇಂಗ್ಲಿಷ್ ಪದವಿಲ್ಲ, ಒಂದು ಅಕ್ಷರ ತೊದಲಲಿಲ್ಲ. ಇಷ್ಟು ಸಲ ಕೇಳಿದ ಮೇಲೆ ಯಾರಿಗಾದರೂ ಬಾಯಿಪಾಠ ಆಗಲೇಬೇಕಲ್ಲ.

"ಮುಂದಿನ ಶನಿವಾರ, ಅಪ್ಪಾ" ಎಂದು ಹೇಳಿ, ಪೆಡಲು ಒತ್ತಿ ಹೊರಟೇ ಹೋದಳು.